ಗಜನಿ ದಂಡೆಯ ಕೇಳುವ ಪಾಠ

ವಿಘ್ನೇಶ್ವರ ಹೆಗಡೆ ಮಾಸ್ತರರು ಒಳ್ಳೆಯವರು. ಈ ಮಾತನ್ನು ಮೊದಲೇ ಹೇಳಿಬಿಡುವುದು ಕ್ಷೇಮ. ಮುಂದೆ ಹೇಳಲು ಅವಕಾಶ ಸಿಗದೆ ಹೋಗಬಹುದು.

ಹಿರೇಗುತ್ತಿಯಿಂದ ಹೊಳೆಯ ಕಡೆಗೆ ಇಳಿದರೆ ಸಿಗುವ ಹೊಳೆಕೊಪ್ಪದ ಕನ್ನಡ ಶಾಲೆಯಲ್ಲಿ ಅವರು ಬಹಳ ವರ್ಷಗಳಿಂದ ಇದ್ದರು. ಅವರಿಗೆ ಇದ್ದದ್ದು ಒಂದೇ ದೋಷ. ಎದುರಿನವರ ಮಾತು ಮುಗಿಯುವ ಮೊದಲೇ "ಆತು, ಆತು" ಎಂದುಬಿಡುತ್ತಿದ್ದರು. ಹೆಂಡತಿ ಪರಮೇಶ್ವರಿ ಅನುಮಾನಪಟ್ಟು ಅವರನ್ನು ಕುಮಟಾದ ವೈದ್ಯರ ಬಳಿ ಕರೆದುಕೊಂಡು ಹೋಗಿದ್ದರು. ಕಿವಿಯಲ್ಲಿ ಏನೂ ತೊಂದರೆಯಿಲ್ಲ ಎಂದು ವೈದ್ಯರು ಹೇಳಿದರು. ಅದನ್ನೂ ಮಾಸ್ತರರು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಕಳೆದ ವರ್ಷ ಶಾಲೆ ನೋಡಲು ಬಂದ ಮೇಲಿನವರು, ಈ ತರಗತಿಯಲ್ಲಿ ಮಾತನಾಡುವವರು ಮಾಸ್ತರರು ಒಬ್ಬರೇ, ಮಕ್ಕಳು ಆಕಳಿಸುವುದಕ್ಕೆ ಮಾತ್ರ ಬಾಯಿ ತೆರೆಯುತ್ತಾರೆ ಎಂದು ಹೇಳಿ ಹೋಗಿದ್ದರು. ಹಾಗಾಗಿ ಕುಮಟಾದಲ್ಲಿ ತರಬೇತಿ ನಡೆದಾಗ ಮೊದಲು ಕರೆ ಬಂದದ್ದು ಇವರಿಗೇ. ಮಕ್ಕಳನ್ನು ಬಯಲಿಗೆ ಕರೆದುಕೊಂಡು ಹೋಗಿ, ಹಕ್ಕಿ, ಏಡಿ, ಮರ, ನೀರು ತೋರಿಸಿ, ಕಂಡದ್ದನ್ನೂ ಕೇಳಿದ್ದನ್ನೂ ಅವರ ಬಾಯಿಂದಲೇ ಹೇಳಿಸುವುದು ಹೇಗೆ ಎಂಬುದು ತರಬೇತಿಯ ವಿಷಯ.

ಊಟದ ನಂತರದ ಹೊತ್ತು. ತರಬೇತಿ ಕೊಡುತ್ತಿದ್ದ ವೀಣಾ ಮೇಡಂ ಕೇಳಿದರು: "ನಿಮ್ಮಲ್ಲಿ ಈಗಾಗಲೇ ಇಂಥ ಪಾಠ ಮಾಡ್ತಾ ಇರುವವರು ಯಾರು? ಅವರ ಶಾಲೆಗೆ ನಾವೇ ಬಂದು ನೋಡ್ತೇವೆ."

ಅದೇ ಕ್ಷಣಕ್ಕೆ ಚಹಾದ ಹುಡುಗ ಬಾಗಿಲಲ್ಲಿ ಕಾಣಿಸಿದ. ತಮಗೆ ಸಕ್ಕರೆ ಇಲ್ಲದ್ದು ಬೇಕೆಂದು ಸೂಚಿಸಲು ಮಾಸ್ತರರು ಕೈ ಎತ್ತಿದರು. ಇಡೀ ಸಭೆ ಚಪ್ಪಾಳೆ ತಟ್ಟಿತು. ಸಕ್ಕರೆ ಬಿಟ್ಟದ್ದಕ್ಕೆ ಇಷ್ಟೊಂದು ಮೆಚ್ಚುಗೆಯೇ ಎಂದು ಅವರಿಗೆ ಸಂಕೋಚವಾಯಿತು. ಎದ್ದು ನಿಂತು ಕೈ ಮುಗಿದರು.

ವಿಷಯ ತಿಳಿದದ್ದು ಸಂಜೆ, ವೀಣಾ ಮೇಡಂ ಹತ್ತಿರ ಬಂದಾಗ. "ಮುಂದಿನ ವಾರ ಬರ್ತೇವೆ ಹೆಗಡೇರೆ. ನಿಮ್ಮ ಮಕ್ಕಳು ಬಾಯಿ ಬಿಟ್ಟು ಮಾತಾಡಿದ್ರೆ ಸಂತೋಷ. ಇಲ್ಲದಿದ್ರೆ ನೀವು ಮುಂದಿನ ತಂಡದ ಜೊತೆ ಕಾರವಾರಕ್ಕೆ ಬಂದು ಇದನ್ನೇ ಮೊದಲಿಂದ ಕಲಿಬೇಕಾಗ್ತದೆ."

"ಆತು, ಆತು," ಎಂದರು ಮಾಸ್ತರರು. ಬಸ್ಸು ಹತ್ತಿದ ಮೇಲೆ ಅವರಿಗೆ ಕಾರವಾರದ ತರಬೇತಿ ಯಾವಾಗ ಎಂಬುದು ಹೊಳೆಯಿತು. ಹೊನ್ನಾವರದಲ್ಲಿ ಪ್ರಿಯಂವದಾಳ ಮದುವೆ ಇದ್ದ ವಾರವೇ ಅದು. ಪ್ರಿಯಂವದಾ ಎಂದರೆ ಪರಮೇಶ್ವರಿಯ ಅಕ್ಕನ ಮಗಳು. ಅವಳನ್ನು ಎತ್ತಿ ಆಡಿಸಿದವರು ಪರಮೇಶ್ವರಿ. ಆ ಮದುವೆಗೆ ಗಂಡನ ಜೊತೆ ಹೋಗುವುದೆಂದು ಒಂದು ವರ್ಷದಿಂದ ಹೇಳುತ್ತ ಬಂದಿದ್ದರು. ಮಕ್ಕಳು ಬಾಯಿ ಬಿಡದಿದ್ದರೆ ಆ ಮದುವೆ ತಪ್ಪುತ್ತದೆ. ಮದುವೆ ತಪ್ಪಿದ ಮೇಲೆ ಮನೆಯಲ್ಲಿ ಇನ್ನೇನು ತಪ್ಪುತ್ತದೆ ಎಂಬುದನ್ನು ಯೋಚಿಸುವ ಧೈರ್ಯ ಮಾಸ್ತರರಿಗೆ ಬರಲಿಲ್ಲ.

ಮರುದಿನವೇ ಕೆಲಸ ಶುರುವಾಯಿತು. ತರಬೇತಿಯ ಕ್ರಮ ಸರಳ. ಪ್ರತಿ ಮಗುವಿಗೂ ಬಯಲಿನಲ್ಲಿ ಒಂದು ಜಾಗ. ಆ ಜಾಗಕ್ಕೊಂದು ಗುರುತು. ಮಗು ಅಲ್ಲಿ ಸದ್ದಿಲ್ಲದೆ ಕೂತು ನೋಡಬೇಕು, ಕೇಳಬೇಕು. ಬಂದು ತನ್ನ ಜೋಡಿಗೆ ಹೇಳಬೇಕು. ಜೋಡಿಯಾದವರು ನಡುವೆ ಬಾಯಿ ಹಾಕದೆ ಕೇಳಿ, ಕೇಳಿದ್ದನ್ನು ಇದ್ದ ಹಾಗೆ ತಿರುಗಿ ಹೇಳಬೇಕು. ತಪ್ಪಿದರೆ ಮೊದಲಿಂದ.

ಗುರುತಿಗೆ ತರಬೇತಿಯಲ್ಲಿ ಬಣ್ಣದ ಕಾಗದ ಬಳಸಿದ್ದರು. ಹೊಳೆಯ ಗಾಳಿಗೆ ಕಾಗದ ನಿಲ್ಲುವುದಿಲ್ಲ. ಮಾಸ್ತರರು ಬಿದಿರಿನ ಕೋಲು ಕಡಿಸಿ ತಂದು, ಅದಕ್ಕೆ ಕಟ್ಟಲು ಹಳೆಯ ಬಟ್ಟೆ ಬೇಕೆಂದು ಹೆಂಡತಿಯನ್ನು ಕೇಳಿದರು. ಪರಮೇಶ್ವರಿ ಅಡುಗೆಮನೆಯಿಂದಲೇ ಹೇಳಿದರು:

"ಟ್ರಂಕಿನಲ್ಲಿ ಎರಡು ಕೆಂಪು ಸೀರೆ ಇದ್ದು. ಎಡಗಡೆ ಇದ್ದಿದ್ದು ಹಳೇದು, ಅದನ್ನ ತಗಳಿ. ಬಲಗಡೆ ಇದ್ದಿದ್ದು..."

"ಆತು, ಆತು."

"ಪೂರ್ತಿ ಕೇಳಿ. ಬಲಗಡೆ ಇದ್ದಿದ್ದು ಮುಟ್ಟಡಿ. ಕೇಳಿತಾ?"

"ಕೇಳಿತು, ಕೇಳಿತು," ಎಂದರು ಮಾಸ್ತರರು. ಆಗಲೇ ಕತ್ತರಿ ಆಡುತ್ತಿತ್ತು. ಪಟ್ಟಿಗಳಲ್ಲಿ ಕೆಲವಕ್ಕೆ ಅಂಚು ಫಳಫಳ ಹೊಳೆಯುತ್ತಿತ್ತು. ದೂರದಿಂದ ಕಾಣಲು ಅನುಕೂಲವಾಯಿತು ಎಂದುಕೊಂಡರು.

ಮಾಸ್ತರರ ಬಾಡಿಗೆ ಮನೆಯ ಹಿಂದೆ ಸ್ವಲ್ಪ ನಡೆದರೆ ಗಜನಿ. ಅಘನಾಶಿನಿಯ ಉಪ್ಪುನೀರು ಹತ್ತಿ ಇಳಿಯುವ ಗದ್ದೆಬಯಲಿಗೆ ಈ ಕಡೆ ಗಜನಿ ಎನ್ನುತ್ತಾರೆ. ಭತ್ತದ ಕೊಯ್ಲು ಮುಗಿದಿತ್ತು. ನೀರಿನಲ್ಲಿ ಬೆಳ್ಳಕ್ಕಿ ನಿಂತಿದ್ದವು. ಮಾಸ್ತರರು ದಂಡೆಯುದ್ದಕ್ಕೂ ಸಾಲಾಗಿ ಕೆಂಪು ಬಟ್ಟೆಯ ಕೋಲು ಹುಗಿದು, ಒಂದೊಂದರ ಬುಡಕ್ಕೆ ಒಂದೊಂದು ಮಗುವನ್ನು ಕೂರಿಸಿದರು. ಕುತ್ತಿಗೆಗೆ ಸೀಟಿ, ತಲೆಗೆ ಟೊಪ್ಪಿ. ಒಂದು ಕಣ್ಣು ಮುಚ್ಚಿ, ಕೈ ನೀಡಿ, ಸಾಲು ನೆಟ್ಟಗಿದೆಯೇ ಎಂದು ನೋಡಿದರು.

ನೋಡಿದ್ದು ಅವರೊಬ್ಬರೇ ಅಲ್ಲ. ಆಚೆ ಗದ್ದೆಯಲ್ಲಿ ಹಮ್ಮ ಗೌಡರು ಬೇಲಿ ಕಟ್ಟುವುದನ್ನು ಬಿಟ್ಟು ನಿಂತಿದ್ದರು.

ಈ ಹೊಳೆದಂಡೆಯವರಿಗೆ ಕೆಂಪು ಬಟ್ಟೆ ಕಟ್ಟಿದ ಕೋಲು ಎಂದರೆ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ರೈಲು ಬರುವ ಮೊದಲು ಕೋಲು ಬಂದಿತ್ತು. ಹೆದ್ದಾರಿ ಅಗಲವಾಗುವ ಮೊದಲು ಕೋಲು ಬಂದಿತ್ತು. ಅದು ಬರುತ್ತದೆ, ಇದು ಬರುತ್ತದೆ ಎಂದ ಎಷ್ಟೋ ಸಲ ಮತ್ತೇನೂ ಬರದೆ ಕೋಲೊಂದೇ ಬಂದು ಹೋಗಿತ್ತು. ಹಮ್ಮ ಗೌಡರು ದಂಡೆ ಹತ್ತಿ ಬಂದರು.

"ಮಾಸ್ತರೇ, ಇದು ಎಲ್ಲಿವರೆಗೆ ಹೋಗ್ತದೆ?"

ಮಾಸ್ತರರ ಗಮನ ಕೊನೆಯ ಕೋಲಿನ ಬಳಿ ಏಡಿ ಹಿಡಿಯಲು ಹೊರಟಿದ್ದ ಅನೂಪನ ಮೇಲಿತ್ತು. "ಈಗ ಇಷ್ಟೇ. ಮುಂದಿನ ವಾರ ಮೇಲಿನವರು ಜೀಪಲ್ಲಿ ಬತ್ರು. ಅವರಿಗೆ ಒಪ್ಪಿಗೆ ಆದ್ರೆ ಹೊಳೆಯವರೆಗೂ ತಗಂಡು ಹೋಗದು."

"ನಮ್ಮ ಗದ್ದೆನೂ ಬತ್ತದಾ?"

"ಎಲ್ಲಾರ ಗದ್ದೆನೂ ಬರಬೇಕು. ಯಾರನ್ನೂ ಬಿಡೂ ಹಾಂಗಿಲ್ಲ."

"ಮನೆ?"

"ಮನೆ ಇಲ್ದೆ ಆಗೂದೇ ಇಲ್ಲ. ಮನೆಯಿಂದಲೇ ಶುರು ಮಾಡಿ ಅಂತ ಹೇಳಿದ್ದಾರೆ. ಏಯ್ ಅನೂಪಾ, ಕೂತ್ಕೊ!"

ಹಮ್ಮ ಗೌಡರು ಕೈಯಲ್ಲಿದ್ದ ಬಳ್ಳಿಯನ್ನು ಅಲ್ಲೇ ಬಿಟ್ಟರು. "ನಮ್ಗೆ ಒಂದ್ ಮಾತು ಕೇಳೂದಿಲ್ವಾ ಮಾಸ್ತರೇ?"

"ಆತು, ಆತು," ಎಂದು ಮಾಸ್ತರರು ಸೀಟಿ ಊದಿದರು.

ಸಂಜೆ ಪ್ರವೀಣನ ಚಹಾದಂಗಡಿಯಲ್ಲಿ ಊರಿನ ದೊಡ್ಡ ತಲೆಗಳೆಲ್ಲ ಸೇರಿದವು. ಪ್ರವೀಣನಿಗೆ ಒಂದು ಸುದ್ದಿಯನ್ನು ಇದ್ದಷ್ಟೇ ಹೇಳಿ ಅಭ್ಯಾಸವಿಲ್ಲ. ತದಡಿಯಿಂದ ಮೀನಿನ ಗಾಡಿಯವರು ಬಂದರೆ ಅವರಿಗೂ ಒಂದು ತುಂಡು ಸೇರಿಸಿ ಕಳಿಸುತ್ತಿದ್ದ.

"ವಿಮಾನದ್ದೇ ಸೈ," ಎಂದ ಅವನು. "ಅಷ್ಟ್ ನೆಟ್ಟಗೆ ಸಾಲು ಮತ್ತೆಂತಕ್ಕೆ ಬೇಕು?"

"ಗಜನಿ ಮೇಲೆ ವಿಮಾನ ಇಳಿತದನೋ? ಬೆಳ್ಳಕ್ಕಿ ಇಳಿದ್ರೇ ಕಾಲು ಹುಗಿತದೆ," ಎಂದರು ಹಮ್ಮ ಗೌಡರು.

"ಮಕ್ಕಳನ್ನ ಎಂತಕ್ಕೆ ಕೂರ್ಸೂದು ಹಾಂಗಾದ್ರೆ?" ಎಂದು ಸಣ್ಣಜ್ಜಿ ಕೇಳಿದಳು. ಸಣ್ಣಜ್ಜಿಗೆ ದಂಡೆಯ ಬದಿಯಲ್ಲಿ ಒಂದು ತರಕಾರಿ ಪಾತಿ, ಅದರ ತಲೆಗೆ ಒಂದು ತೆಂಗಿನ ಮರ.

"ಬುದ್ಧಿವಂತಿಕೆ ಅದು," ಎಂದ ಪ್ರವೀಣ. "ನಾವು ಕೋಲು ಕೀಳೂಕೆ ಹೋದ್ರೆ ಬುಡದಲ್ಲಿ ನಮ್ಮ ಮಕ್ಕಳೇ ಕೂತಿರ್ತಾರೆ. ಯಾರನ್ನ ಹೊಡೀತ್ರಿ? ಮೇಲಿನೋರ ತಲೆ ಮಾರಾಯ್ರೆ!"

ಮೇಲಿನವರ ತಲೆಯ ಬಗ್ಗೆ ಎಲ್ಲರಿಗೂ ಗೌರವ ಹುಟ್ಟಿತು.

ಮರುದಿನ ಬೆಳಿಗ್ಗೆ ಸಣ್ಣಜ್ಜಿ ತನ್ನ ಪಾತಿಯಲ್ಲಿ ಬೆಳೆದ ದೊಡ್ಡದೊಂದು ಮೊಗೆಕಾಯಿ ಹೊತ್ತುಕೊಂಡು ಮಾಸ್ತರರ ಮನೆಗೆ ಬಂದಳು. "ಮಾಸ್ತರೇ, ನನ್ನ ತೆಂಗಿನ ಮರ ಒಂದು ಬಿಟ್ಟು ಆಚೆ ಹಾಕಿ. ನಾನು ಸತ್ತ ಮೇಲೆ ಬೇಕಾದ್ರೆ..."

"ಆತು, ಆತು," ಎಂದು ಮಾಸ್ತರರು ಮೊಗೆಕಾಯಿ ಇಸಿದುಕೊಂಡರು. ಆ ಮೇಲೆ ಒಬ್ಬರು ಬಸಳೆ ತಂದರು, ಮತ್ತೊಬ್ಬರು ಎಳನೀರು. ಎಲ್ಲರಿಗೂ ಒಂದೇ ಉತ್ತರ. ಪಾಠಕ್ಕೆ ಊರು ಈ ಪರಿ ಸ್ಪಂದಿಸುವುದನ್ನು ಕಂಡು ಮಾಸ್ತರರ ಎದೆ ಉಬ್ಬಿತು.

"ಯಾರೂ ಸುಮ್ಮನೆ ಮೊಗೆಕಾಯಿ ಕೊಡ್ತ್ವಿಲ್ಲೆ," ಎಂದರು ಪರಮೇಶ್ವರಿ. "ಆ ಅಜ್ಜಿ ಕಣ್ಣಲ್ಲಿ ನೀರಿತ್ತು. ಎಂತಕ್ಕೆ ಹೇಳಿ ಕೇಳಿದ್ರ?"

"ಸಂತೋಷಕ್ಕೆ," ಎಂದರು ಮಾಸ್ತರರು.

ಅಂದಿನಿಂದ ಕೋಲುಗಳು ನಡೆಯತೊಡಗಿದವು. ಸಂಜೆ ಹಮ್ಮ ಗೌಡರ ಗದ್ದೆಯ ಅಂಚಿನಲ್ಲಿದ್ದದ್ದು ಬೆಳಿಗ್ಗೆ ಪಕ್ಕದ ಶನಿಯಾರ ಗೌಡರ ಗದ್ದೆಯಲ್ಲಿ. ಅದರ ಮರುದಿನ ಎರಡೂ ಅಲ್ಲದೆ ಪ್ರವೀಣನ ಅಂಗಡಿಯ ಹಿತ್ತಿಲಲ್ಲಿ. ಯಾರೂ ಯಾರನ್ನೂ ದೂರಲಿಲ್ಲ. ಹಗಲು ಎಲ್ಲರೂ ಒಗ್ಗಟ್ಟಾಗಿಯೇ ಇದ್ದರು. ಮಕ್ಕಳಿಗೆ ಮಾತ್ರ ತಮ್ಮ ಪಟ್ಟಿಯ ಗುರುತು ಸಿಕ್ಕರೆ ಸಾಕು. ಕೋಲು ಎಲ್ಲಿದೆಯೋ ಅಲ್ಲಿ ಹೋಗಿ ಕೂರುತ್ತಿದ್ದರು. ಒಬ್ಬಳು ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಬ್ಬ ಚಹಾದಂಗಡಿಯ ಬೆಂಚಿನ ಹಿಂದೆ. ಹಮ್ಮ ಗೌಡರ ಮೊಮ್ಮಗಳು ಸುಚಿತಾಳ ಕೋಲು ಮಾಸ್ತರರ ಅಡುಗೆಮನೆಯ ಕಿಟಕಿಯ ಕೆಳಗೆ ಬಂದು ನಿಂತಿತ್ತು. ಅವಳು ಅಲ್ಲಿಯೂ ಸದ್ದಿಲ್ಲದೆ ಕೂತು ಕೇಳಿದಳು.

ಮಕ್ಕಳು ತಾವಾಗಿಯೇ ಹೊಸ ಹೊಸ ಜಾಗ ಹುಡುಕಿಕೊಳ್ಳುತ್ತಿದ್ದಾರೆಂದು ಮಾಸ್ತರರು ನಂಬಿದರು. ಜೋಡಿಗಳು ಗುಸುಗುಸು ಮಾತನಾಡುವುದನ್ನು ದೂರದಿಂದ ನೋಡಿ ತೃಪ್ತಿಪಟ್ಟರು. ಏನು ಮಾತನಾಡುತ್ತಿದ್ದಾರೆಂದು ಹತ್ತಿರ ಹೋಗಿ ಕೇಳಲಿಲ್ಲ. ಅದು ಅವರ ಸ್ವಭಾವವಲ್ಲ.

ಜೀಪು ಬರುವ ಹಿಂದಿನ ಸಂಜೆ ಊರವರು ಎರಡು ತೀರ್ಮಾನ ಮಾಡಿದರು. ಮೊದಲನೆಯದು, ಕೋಲುಗಳೆಲ್ಲ ಮಾಸ್ತರರ ಮನೆಯ ಸುತ್ತ ಹೋಗಲಿ. ಅಳೆದವರ ಮನೆ ಮೇಲೇ ಬರಲಿ ವಿಮಾನ. ಎರಡನೆಯದು, ಬಂದವರ ಹತ್ತಿರ ಯಾರೂ ಬಾಯಿ ಬಿಡಬಾರದು. "ದೊಡ್ಡೋರು ಬಾಯಿ ಬಿಡೂದಿಲ್ಲ ಅಂತ ಅವ್ರಿಗೆ ಗೊತ್ತು," ಎಂದ ಪ್ರವೀಣ. "ಅದ್ಕೇ ಮಕ್ಕಳ ಹತ್ರ ಕೇಳ್ತ್ರು, ನೋಡ್ತಾ ಇರಿ."

ಅಂದು ಮನೆಮನೆಯಲ್ಲೂ ಮಕ್ಕಳಿಗೆ ಪಾಠವಾಯಿತು: ಗದ್ದೆ, ಮರ, ಹೊಳೆ, ಹಕ್ಕಿ, ಏನು ಕೇಳಿದರೂ ಗೊತ್ತಿಲ್ಲ ಅನ್ನಬೇಕು.

ಬೆಳಿಗ್ಗೆ ಮಾಸ್ತರರು ಎದ್ದು ಬಾಗಿಲು ತೆರೆದರೆ ಮನೆಯ ಸುತ್ತ ಕೆಂಪು ಪಟ್ಟಿಗಳು ಹಾರಾಡುತ್ತಿದ್ದವು. ಗುರುವಿನ ಮನೆಯನ್ನೂ ಪ್ರಕೃತಿಯ ಭಾಗವೆಂದು ತಿಳಿದ ಮಕ್ಕಳ ಪ್ರೀತಿಯನ್ನು ಮೆಚ್ಚಿ, ವಾಲಿದ್ದ ಒಂದು ಕೋಲನ್ನು ನೆಟ್ಟಗೆ ಮಾಡಿದರು. ಪರಮೇಶ್ವರಿಯನ್ನು ಎಬ್ಬಿಸದೆ ಶಾಲೆಗೆ ನಡೆದರು.

ಜೀಪು ಬಂತು. ವೀಣಾ ಮೇಡಂ ಇಳಿದರು, ಹಿಂದೆಯೇ ಕಚೇರಿಯ ಇನ್ನಿಬ್ಬರು. ಮಾಸ್ತರರು ಎಲ್ಲರನ್ನೂ ತಮ್ಮ ಅಂಗಳಕ್ಕೇ ಕರೆತಂದರು. ಅಲ್ಲಿ ಊರೇ ಸೇರಿತ್ತು. ಪಾಠ ನೋಡಲು ಇಷ್ಟು ಪೋಷಕರು ಬಂದದ್ದನ್ನು ಮೇಡಂ ಎಲ್ಲೂ ಕಂಡಿರಲಿಲ್ಲ.

"ನಮಸ್ಕಾರ," ಎಂದರು ಮೇಡಂ.

ಯಾರೂ ಉತ್ತರಿಸಲಿಲ್ಲ.

ಮಕ್ಕಳು ಕೋಲಿನ ಬುಡದಲ್ಲಿ ಕೂತು, ಕೇಳಿ, ಎದ್ದು ಬಂದು ಸಾಲಾಗಿ ನಿಂತರು. ಮಾಸ್ತರರು ನೀರಿನ ಕಡೆ ಕೈ ತೋರಿಸಿದರು. ತಂತಿಯ ಮೇಲೆ ಮಿಂಚುಳ್ಳಿಯೊಂದು ಸಮಯಕ್ಕೆ ಸರಿಯಾಗಿ ಬಂದು ಕೂತಿತ್ತು.

"ಅನೂಪಾ, ಅದು ಯಾವ ಹಕ್ಕಿ?"

"ಗೊತ್ತಿಲ್ಲ ಸರ್."

"ನಿನ್ನೆ ನೀನೇ ತೋರಿಸಿದ್ದಲ್ಲೋ!"

"ನಂಗೆ ಹಕ್ಕಿ ಅಂದ್ರೇನೇ ಗೊತ್ತಿಲ್ಲ ಸರ್."

ಗುಂಪಿನಲ್ಲಿ ಮೆಚ್ಚುಗೆಯ ಸದ್ದು ಕೇಳಿಸಿತು. ಮೇಡಂ ಮುಂದೆ ಬಂದು ಮೃದುವಾಗಿ ಕೇಳಿದರು: "ಹೆದರಬೇಡ ಮರಿ. ನಿನ್ನ ಹೆಸರೇನು?"

ಅನೂಪ ಅಪ್ಪನ ಮುಖ ನೋಡಿದ. ಅಪ್ಪ ಸ್ವಲ್ಪ ಹೊತ್ತು ಯೋಚಿಸಿ, ಬೇಡವೆಂದು ತಲೆ ಆಡಿಸಿದರು.

"ಗೊತ್ತಿಲ್ಲ ಮೇಡಂ."

ಕಚೇರಿಯ ಇಬ್ಬರು ಪರಸ್ಪರ ಮುಖ ನೋಡಿಕೊಂಡರು. ಮಾಸ್ತರರ ಕಣ್ಣ ಮುಂದೆ ಹೊನ್ನಾವರದ ಚಪ್ಪರ ಒಂದು ಸಲ ಕಂಡು, ಮಸುಕಾಯಿತು. ಅದರ ಹಿಂದೆಯೇ ಕಾರವಾರದ ತರಬೇತಿಯ ಸಭಾಂಗಣ, ಮಧ್ಯಾಹ್ನದ ಫ್ಯಾನು, ಸಕ್ಕರೆ ಇಲ್ಲದ ಚಹಾ.

"ಸರಿ," ಎಂದರು ವೀಣಾ ಮೇಡಂ, ಇನ್ನೊಂದು ಪ್ರಯತ್ನವೆಂಬಂತೆ. "ನೋಡಿದ್ದು ಹೇಳೋದು ಬೇಡ. ಕೇಳಿದ್ದು ಏನಾದರೂ ಇದ್ದರೆ ಹೇಳಿ."

ಸುಚಿತಾ ಕೈ ಎತ್ತಿದಳು. "ಮನುಷ್ಯರು ಮಾತಾಡಿದ್ದು ಕೇಳಿದ್ದು ಹೇಳಬಹುದಾ ಮೇಡಂ? ಗದ್ದೆ, ಹಕ್ಕಿ ಬಗ್ಗೆ ಹೇಳೂಕಾಗ ಅಂದಾರೆ. ಮನುಷ್ಯರ ಬಗ್ಗೆ ಎಂತದೂ ಹೇಳಲಿಲ್ಲ."

ಹಮ್ಮ ಗೌಡರಿಗೆ ತಮ್ಮ ಅಪ್ಪಣೆಯಲ್ಲಿ ಉಳಿದುಹೋದ ತೂತು ಕಾಣುವಷ್ಟರಲ್ಲಿ ಮೇಡಂ "ಹೇಳು, ಹೇಳು" ಎಂದಾಗಿತ್ತು.

ಸುಚಿತಾ ಕೈ ಕಟ್ಟಿಕೊಂಡು, ಪಾಠದ ಕ್ರಮದಂತೆ, ಇದ್ದ ಹಾಗೆ ಹೇಳತೊಡಗಿದಳು. "ದಂಡೆ ಮೇಲೆ ಅಜ್ಜ ಕೇಳಿದ್ರು: ಮನೆ? ಸರ್ ಹೇಳಿದ್ರು: ಮನೆ ಇಲ್ದೆ ಆಗೂದೇ ಇಲ್ಲ. ಅಜ್ಜ ಕೇಳಿದ್ರು: ನಮ್ಗೆ ಒಂದ್ ಮಾತು ಕೇಳೂದಿಲ್ವಾ? ಸರ್ ಹೇಳಿದ್ರು: ಆತು, ಆತು." ಅಜ್ಜನಿಗೆ ಅಜ್ಜನ ದನಿ, ಸರ್‌ಗೆ ಸರ್ ದನಿ. ಅವಳು ನಿಲ್ಲಿಸಿದಲ್ಲಿಂದ ಚಹಾದಂಗಡಿಯ ಬೆಂಚಿನ ಹಿಂದೆ ಕೂತಿದ್ದವನು ಮುಂದುವರಿಸಿದ: "ಪ್ರವೀಣಣ್ಣ ಹೇಳಿದ್ರು: ವಿಮಾನದ್ದೇ ಸೈ. ಅಳ್ದೋರ ಮನೆ ಮೇಲೇ ಬರ್ಲಿ." ಒಗೆಯುವ ಕಲ್ಲಿನ ಹುಡುಗಿ: "ಸಣ್ಣಜ್ಜಿ ಹೇಳಿದ್ರು: ಮೊಗೆಕಾಯಿ ಕೊಟ್ಟಾಗಿದೆ, ನನ್ನ ಮರ ಉಳೀತು, ಕೋಲು ಹಮ್ಮನ ಗದ್ದೆಗೆ ಹಾಕಿ ಬಂದೆ."

"ನೀನಾ ಹಾಕಿದ್ದು!" ಎಂದರು ಹಮ್ಮ ಗೌಡರು.

"ನೀನು ಶನಿಯಾರನ ಗದ್ದೆಗೆ ಹಾಕ್ಲಿಲ್ವಾ?" ಎಂದಳು ಸಣ್ಣಜ್ಜಿ.

ಬಾಯಿ ಬಿಡಬಾರದೆಂಬ ಎರಡನೆಯ ತೀರ್ಮಾನ ಅಲ್ಲಿಗೆ ಮುಗಿಯಿತು. ಇಡೀ ಊರು ಒಟ್ಟಿಗೇ ಮಾತನಾಡತೊಡಗಿತು. ಮಕ್ಕಳು ಮಾತ್ರ ಒಬ್ಬರ ನಂತರ ಒಬ್ಬರಂತೆ, ನಡುವೆ ಬಾಯಿ ಹಾಕದೆ ಹೇಳುತ್ತಿದ್ದರು. ವೀಣಾ ಮೇಡಂ ಜಗಲಿಯ ಮೇಲೆ ಕೂತುಬಿಟ್ಟಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಅತ್ತದ್ದಲ್ಲ, ನಕ್ಕದ್ದು.

"ಗೌಡರೇ, ಇದು ಸರ್ವೆ ಅಲ್ಲ," ಎಂದರು ಕೊನೆಗೆ. "ಪಾಠ. ಮಕ್ಕಳಿಗೆ ಕೇಳೂಕೆ, ಮಾತಾಡೂಕೆ ಕಲಿಸೋ ಪಾಠ."

ಹಮ್ಮ ಗೌಡರು ಕೋಲುಗಳನ್ನೂ, ಜೀಪನ್ನೂ, ಮಾಸ್ತರರನ್ನೂ ನೋಡಿದರು. "ಗದ್ದೆ ಹೋಗೂದಿಲ್ಲ?"

"ಹೋಗೋದಿಲ್ಲ."

ಗೌಡರು ಅಂಗಳದ ಕಲ್ಲಿನ ಮೇಲೆ ನಿಧಾನವಾಗಿ ಕೂತರು. "ಒಂದು ವಾರದಿಂದ ಅನ್ನ ಸೇರ್ಲಿಲ್ಲ ಮಾಸ್ತರೇ. ಬಾಯಿಬಿಟ್ಟು ಕೇಳಿದ್ನಲ್ಲ ನಿಮ್ಮ ಹತ್ರ."

ಮಾಸ್ತರರಿಗೆ "ಆತು" ಎಂಬುದು ತುದಿನಾಲಗೆಯವರೆಗೆ ಬಂದು, ಅಲ್ಲಿಂದ ಹಿಂದಿರುಗಿತು.

"ನನ್ನ ಮೊಗೆಕಾಯಿ?" ಎಂದಳು ಸಣ್ಣಜ್ಜಿ.

"ಅದು ಸಾಂಬಾರಾತು," ಎಂದರು ಮಾಸ್ತರರು ತಗ್ಗಿದ ದನಿಯಲ್ಲಿ.

ವೀಣಾ ಮೇಡಂ ಎದ್ದರು. "ಹೆಗಡೇರೆ, ಇಷ್ಟು ಚೆನ್ನಾಗಿ ಕೇಳಿ, ಇಷ್ಟು ಚೆನ್ನಾಗಿ ಹೇಳೋ ಮಕ್ಕಳನ್ನ ನಾನು ನೋಡಿಲ್ಲ. ನೀವು ಕಾರವಾರಕ್ಕೆ ಬರೋದು ಬೇಡ. ನಿಜ ಹೇಳಬೇಕಂದ್ರೆ ನೀವು ಬರಬೇಕು. ಆದರೆ ಮಕ್ಕಳ ದೆಸೆಯಿಂದ ಬಿಟ್ಟಿದ್ದೇನೆ."

ಮಾಸ್ತರರು ಇದನ್ನು ಮೊದಲ ಅರ್ಧದವರೆಗೆ ಕೇಳಿಸಿಕೊಂಡರು. ಅಷ್ಟು ಸಾಕಿತ್ತು. ಹಿಗ್ಗಿನಿಂದ ಮನೆಯ ಕಡೆ ತಿರುಗಿ ಕೂಗಿದರು: "ಕೇಳ್ತಾ ಇದ್ಯನೇ? ಮದುವೆಗೆ ಹೋಗಲಕ್ಕು!"

ಪರಮೇಶ್ವರಿ ಬಾಗಿಲಲ್ಲೇ ಇದ್ದರು. ಕೈಯಲ್ಲಿ ಅಂಗಳದಿಂದ ಕಿತ್ತ ಒಂದು ಕೋಲು. ಅದರ ತುದಿಯ ಕೆಂಪು ಪಟ್ಟಿಗೆ ಎರಡು ಬೆರಳು ಅಗಲದ ಜರಿ ಅಂಚು. ಬಿಸಿಲಿಗೆ ಅದು ಬಹಳ ಚೆನ್ನಾಗಿ ಹೊಳೆಯುತ್ತಿತ್ತು.

"ಎಂತ ಉಟ್ಗಂಡು ಹೋಗದು?" ಎಂದರು.

ಮಿಂಚುಳ್ಳಿ ತಂತಿ ಬಿಟ್ಟು ಹೋಯಿತು. ಹೆಂಗಸರೆಲ್ಲ ತಮ್ಮ ಹತ್ತಿರದ ಪಟ್ಟಿಯ ಅಂಚನ್ನು ಬೆರಳಲ್ಲಿ ಮುಟ್ಟಿ ನೋಡಿದರು. ಊರವರು ಒಂದು ವಾರ ಗದ್ದೆಯಿಂದ ಗದ್ದೆಗೆ ಸಾಗಿಸಿದ್ದು ಪ್ರಿಯಂವದಾಳ ಮದುವೆಗೆಂದು ತಂದಿಟ್ಟ ಸೀರೆಯನ್ನು.

"ಅದು... ನೀನೇ ಹೇಳಿದ್ಯಲೇ..." ಎಂದು ಮಾಸ್ತರರು ತೊಡಗಿದರು.

"ಸರ್," ಎಂದಳು ಸುಚಿತಾ. "ನಡುವೆ ಬಾಯಿ ಹಾಕೂಕಾಗ. ಅಮ್ಮ ಹೇಳಿ ಮುಗಿಸ್ತಾರೆ. ಆ ಮೇಲೆ ನೀವು ಇದ್ದ ಹಾಗೆ ತಿರುಗಿ ಹೇಳಬೇಕು. ತಪ್ಪಿದ್ರೆ ಮೊದಲಿಂದ."

ನಿಯಮ ಮಾಸ್ತರರದ್ದೇ. ಅವರು ಕೋಲಿನ ಬುಡದಲ್ಲಿ ಕೂತರು. ಪರಮೇಶ್ವರಿ ಎದುರಿಗೆ, ಮೆಟ್ಟಿಲ ಮೇಲೆ. ವೀಣಾ ಮೇಡಂ ಜೀಪಿನವನಿಗೆ ಇಂಜಿನ್ ಆರಿಸಲು ಸನ್ನೆ ಮಾಡಿದರು. ಪರಮೇಶ್ವರಿ ದನಿ ಏರಿಸದೆ ಟ್ರಂಕಿನಿಂದ ಶುರು ಮಾಡಿದರು. ಅಲ್ಲಿಂದ ಮೊಗೆಕಾಯಿಗೆ ಬಂದರು. ಅಲ್ಲಿಂದ ಹಿಂದೆ ಹೋಗಿ, ಮದುವೆಯಾದ ವರ್ಷದಿಂದ ಈವರೆಗೆ ಅರ್ಧಕ್ಕೇ ನಿಂತುಹೋಗಿದ್ದ ಮಾತುಗಳನ್ನೆಲ್ಲ ಒಂದೊಂದಾಗಿ ಮುಗಿಸುತ್ತ ಬಂದರು. ಹೊಳೆಯಲ್ಲಿ ನೀರು ಏರಿತು. ಊರವರು ಯಾರೂ ಎದ್ದು ಹೋಗಲಿಲ್ಲ. ಪ್ರವೀಣ ಅಂಗಡಿಯಿಂದ ಚಹಾ ತರಿಸಿದ.

"ಈಗ ನಿಂಗ ಹೇಳಿ," ಎಂದರು ಪರಮೇಶ್ವರಿ.

ಮಾಸ್ತರರು ಗಂಟಲು ಸರಿಪಡಿಸಿಕೊಂಡರು. "ಟ್ರಂಕಿನಲ್ಲಿ ಎರಡು ಕೆಂಪು ಸೀರೆ ಇದ್ದು. ಎಡಗಡೆ ಇದ್ದಿದ್ದು..."

ಮಕ್ಕಳೆಲ್ಲ ಮುಂದಕ್ಕೆ ಬಾಗಿದರು.

ಮಾಸ್ತರರು ಮಾತು ನಿಲ್ಲಿಸಿದರು. ಟೊಪ್ಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. "ಎಡಗಡೆ ಇದ್ದಿದ್ದು ಎಂತದು?" ಎಂದು ಹೆಂಡತಿಯನ್ನು ಕೇಳಿದರು.

ಕೇಳಿ, ಸುಮ್ಮನೆ ಕಾದರು. ಅವರು ಹಾಗೆ ಕಾದದ್ದನ್ನು ಹೊಳೆಕೊಪ್ಪ ನೋಡಿದ್ದು ಅದೇ ಮೊದಲು.